ತೊಟ್ಟಿ ತುಂಬ ನೈಟ್ರೇಟ್, ಆದರೂ ಪಾಚಿಗೆ ಹಸಿವು: ದೋಷ ಹುಡುಕಿದ ಬಗೆ

ಹೋದ ಬೇಸಿಗೆಯಲ್ಲಿ ಚಿಂತಾಮಣಿ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಮಾತಾಡಿದ್ದು ಸ್ಪಿರುಲಿನಾ ಎಂಬ ತಿನ್ನುವ ನೀಲಿ-ಹಸಿರು ಪಾಚಿಯ ತೊಟ್ಟಿ ಇಟ್ಟಿರುವ ಒಬ್ಬ ಅಕ್ಕ. "ಮೇಷ್ಟ್ರೇ, ತೊಟ್ಟಿ ಹಳದಿ ತಿರುಗ್ತಾ ಐತೆ. ಗೊಬ್ಬರ ಕಮ್ಮಿ ಆಯ್ತೇನೋ ಅಂತ ನೆನ್ನೆ ಇನ್ನೊಂದು ಕೆ.ಜಿ. ಹಾಕ್ದೆ. ಇವತ್ತು ಇನ್ನೂ ಹಾಳಾಗೈತೆ."

"ಅಕ್ಕ, ಇನ್ನು ಏನೂ ಹಾಕ್ಬೇಡಿ. ನಾಳೆ ಬೆಳಿಗ್ಗೆ ಬರ್ತೀನಿ" ಅಂದೆ. ನಾನು ಸಸ್ಯಶಾಸ್ತ್ರ ಪಾಠ ಹೇಳಿಕೊಂಡು ಬಂದವನು. ಮನೆ ಹಿಂದೆ ನನ್ನದೂ ಎರಡು ಸಣ್ಣ ತೊಟ್ಟಿಗಳಿವೆ. ಹಾಗಾಗಿ ಇಂಥ ಫೋನು ಹೊಸದಲ್ಲ. ಆದರೆ ಈ ತೊಟ್ಟಿ ನನಗೆ ಎರಡು ಸಲ ಪಾಠ ಕಲಿಸಿತು. ಮೊದಲ ಸಲ ಸರಿಯಾಗಿ ಹೇಳಿದೆ, ಎರಡನೇ ಸಲ ಎಡವಿದೆ. ಎರಡನ್ನೂ ಬರೆಯುತ್ತೇನೆ.

ತೊಟ್ಟಿಯ ಲೆಕ್ಕ ಇದು: 10 ಮೀಟರ್ ಉದ್ದ, 3 ಮೀಟರ್ ಅಗಲ, ಒಂದು ಗೇಣು ನೀರು, ಅಂದರೆ ಹತ್ತಿರಹತ್ತಿರ 6,000 ಲೀಟರ್. ಚೆನ್ನಾಗಿದ್ದಾಗ ದಿನಕ್ಕೆ 240 ಗ್ರಾಂ ಒಣ ಪುಡಿ ಬರುತ್ತಿತ್ತು. ನೀರು ಊರಿನ ಶುದ್ಧ ನೀರಿನ ಘಟಕದ್ದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಗಡಸು ಬೇರೆ ಜಾಸ್ತಿ. ಅದು ಬೇಡವೆಂದು ಅವರು ಸಂಕ್ರಾಂತಿಗೆ ತೊಟ್ಟಿ ಶುರು ಮಾಡುವಾಗಲೇ ಶುದ್ಧ ನೀರನ್ನೇ ತುಂಬಿಸಿದ್ದರು. ಒಳ್ಳೆಯ ಕೆಲಸವೇ. ಕೊನೆಗೆ ಕಥೆ ತಿರುಗಿದ್ದು ಮಾತ್ರ ಅಲ್ಲೇ.

ಇದು ಸಾರಜನಕದ ತೊಂದರೆಯೇ?

ಹಳದಿ ಕಂಡ ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕುವುದು ನಮ್ಮ ಕಡೆಯ ಟೊಮ್ಯಾಟೊ ಬೇಸಾಯದ ಅಭ್ಯಾಸ. ಪಾಚಿಯ ಹಳದಿಗೆ ಬೇರೆ ಕಾರಣಗಳೂ ಇವೆ. ಒಂದೇ ದಿನ ಜಾಸ್ತಿ ಸೋಸಿ ತೆಗೆದು ತೊಟ್ಟಿ ತೆಳುವಾದರೆ ಏಪ್ರಿಲ್ ಬಿಸಿಲಿಗೆ ಉಳಿದದ್ದು ಸುಟ್ಟು ಬಿಳಿಚುತ್ತದೆ. ಕಬ್ಬಿಣ ಕಡಿಮೆಯಾದರೂ ಬಣ್ಣ ಇಳಿಯುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಬೆಳವಣಿಗೆ ನಿಂತೇ ಹೋಗುತ್ತದೆ. ಆಗ ಏನು ಹಾಕಿದರೂ ನೀರಲ್ಲಿ ಹಾಗೇ ಉಳಿಯುತ್ತದೆ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಸೋಸಿದ ಪಾಚಿಯನ್ನು ನೆರಳಲ್ಲಿ ಒಣಗಿಸಿ, ಒಂದು ಚಿಟಿಕೆಯನ್ನು ಲೋಟದ ನೀರಿಗೆ ಹಾಕಿ ರಾತ್ರಿ ಬಿಡಿ. ಆರೋಗ್ಯವಾಗಿದ್ದರೆ ಬೆಳಿಗ್ಗೆ ನೀರು ಮಯಿಲುತುತ್ತದಂಥ ನೀಲಿಗೆ ತಿರುಗಿರುತ್ತದೆ. ಆ ನೀಲಿ ಫೈಕೋಸಯನಿನ್ ಎಂಬ ಪ್ರೋಟೀನು. ಬೆಳಕು ಹಿಡಿಯುವುದು ಅದರ ಕೆಲಸ. ಕಷ್ಟಕಾಲಕ್ಕೆ ಅದೇ ಪಾಚಿಯ ಸಾರಜನಕದ ಉಗ್ರಾಣ. ಸಾರಜನಕ ಸಿಗದಿದ್ದರೆ ಪಾಚಿ ಮೊದಲು ಒಡೆದು ತಿನ್ನುವುದು ಇದನ್ನೇ. ಅಕ್ಕನ ತೊಟ್ಟಿಯ ಚಿಟಿಕೆ ನೀಲಿಯನ್ನೇ ಬಿಡಲಿಲ್ಲ. ನೀರು ಬರೀ ಮಬ್ಬಾಯಿತು. ಅಂದರೆ ಉಗ್ರಾಣ ಖಾಲಿ. ಇಷ್ಟರಿಂದಲೇ ಸಾರಜನಕ ಕಡಿಮೆ ಎಂದು ತೀರ್ಮಾನಿಸಿಬಿಟ್ಟರೆ ಅಲ್ಲೇ ತಪ್ಪು. ನೀರಲ್ಲಿ ಇರುವುದು ಬೇರೆ, ಪಾಚಿಯ ಹೊಟ್ಟೆಗೆ ಸೇರುವುದು ಬೇರೆ.

ಕೈ ಹಾಕುವ ಮುಂಚೆ ನಾಲ್ಕು ಅಳತೆ

ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಸಾರಜನಕದ ಮೂರು ರೂಪಗಳಾದ ನೈಟ್ರೇಟ್, ನೈಟ್ರೈಟ್, ಅಮೋನಿಯಾ: ಈ ನಾಲ್ಕನ್ನು ಅಳೆಯದೆ ನಾನು ಯಾವ ತೊಟ್ಟಿಗೂ ಸಲಹೆ ಕೊಡುವುದಿಲ್ಲ. ಕಿಟ್‌ಗಳು ಮೀನು ಸಾಕುವವರ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅವು ಮೀನಿನ ತೊಟ್ಟಿಗೆ ಮಾಡಿದ ಕಿಟ್‌ಗಳು ಎಂಬುದು ನೆನಪಿರಲಿ. ಸ್ಪಿರುಲಿನಾಕ್ಕೆ ಎಲ್ಲರೂ ಅನುಸರಿಸುವ ಜಾರೂಕ್ ದ್ರಾವಣದಲ್ಲಿ ಲೀಟರಿಗೆ 2.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ, ಅಂದರೆ ಲೀಟರಿಗೆ 1,800 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್. ಕುಡಿಯುವ ನೀರಿನ ಮಿತಿ 45 ಮಿಲಿಗ್ರಾಂ. ನೇರವಾಗಿ ಅಳೆದರೆ ಕಿಟ್ ಕಡುಗೆಂಪಾಗಿ ಕೂತುಬಿಡುತ್ತದೆ. ಇದ್ದ ನೈಟ್ರೇಟ್ ಅರ್ಧಕ್ಕೆ ಇಳಿದರೂ ಗೊತ್ತಾಗುವುದಿಲ್ಲ. ತೊಟ್ಟಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಒಂದು ಪಾಲಿಗೆ 49 ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ ಅಳೆಯಬೇಕು. ಅಮೋನಿಯಾಕ್ಕೂ ಹಾಗೇ. ಪಾಚಿಗೆಂದು ತೊಟ್ಟಿಗೆ ಹಾಕಿರುವ ಅಡುಗೆ ಸೋಡಾ ಕಿಟ್‌ನ ರಾಸಾಯನಿಕವನ್ನು ಕೆಡಿಸುತ್ತದೆ, ಆದ್ದರಿಂದ ತೆಳು ಮಾಡದೆ ನೋಡಿದ ಬಣ್ಣವನ್ನು ನಂಬಬೇಡಿ.

ಪಿಎಚ್ ಅನ್ನು ದಿನಕ್ಕೆ ಎರಡು ಸಲ ನೋಡಬೇಕು: ಸೂರ್ಯ ಹುಟ್ಟುವಾಗ ಒಮ್ಮೆ, ಮಧ್ಯಾಹ್ನ ಎರಡರ ಸುಮಾರಿಗೆ ಒಮ್ಮೆ. ಅಕ್ಕನ ತೊಟ್ಟಿಯಲ್ಲಿ ಬೆಳಿಗ್ಗೆ 9.6, ಮಧ್ಯಾಹ್ನ 10.2. ನೈಟ್ರೇಟ್ ತುಂಬಾ ಇತ್ತು. ನೈಟ್ರೈಟ್ ಇಲ್ಲವೇ ಇಲ್ಲ. ಅಮೋನಿಯಾ ಮಾತ್ರ ಐವತ್ತು ಪಟ್ಟು ತೆಳು ಮಾಡಿದರೂ ಗಾಢ ಹಸಿರು.

ಅಳೆಯುವ ಮುಂಚೆಯೇ ಮೂಗಿಗೆ ಅರ್ಧ ಗೊತ್ತಾಗಿತ್ತು ಅನ್ನಿ. ಪಾಲಿಹೌಸಿನ ಪರದೆ ಎತ್ತಿದರೆ ಹಳೇ ಕುರಿದೊಡ್ಡಿಯ ವಾಸನೆ. ನೀರ ಮೇಲೆ ಬಿಳಿ ನೊರೆ, ಮೂಲೆಯಲ್ಲಿ ಪಾಚಿ ಗಂಟುಗಂಟಾಗಿ ತೇಲುತ್ತಿತ್ತು.

"ಯಾವ ಗೊಬ್ಬರ ಹಾಕ್ತಿದ್ದೀರಿ?"

"ಮೊದ್ಲು ಹದಿಮೂರು-ಸೊನ್ನೆ-ನಲ್ವತ್ತೈದು. ಆಮೇಲೆ ನೈಂಟೀನ್ ಆಲ್. ಅಂಗಡಿಯವರೇ ಕೊಟ್ರು. ಹಾಕಿದ್ ಹತ್ತು ದಿನ ಹೆಂಗಿತ್ತು ಗೊತ್ತಾ ಮೇಷ್ಟ್ರೇ, ಕಡುಹಸ್ರು."

ಕೊನೆಯ ಮಾತು ಅವತ್ತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಚೀಲದ ಗುಟ್ಟನ್ನು ಸುಣ್ಣ ಹೇಳುತ್ತದೆ

13-0-45 ಎಂದರೆ ಪೊಟ್ಯಾಷಿಯಂ ನೈಟ್ರೇಟ್; ಮೊದಲ ಅಂಕಿ ನೂರರಲ್ಲಿ ಸಾರಜನಕದ ಪಾಲು. ಅದರ ಸಾರಜನಕವೆಲ್ಲ ನೈಟ್ರೇಟ್ ರೂಪದ್ದೇ. ನೈಂಟೀನ್ ಆಲ್, ಅಂದರೆ 19:19:19ರಲ್ಲಿ ಹೆಚ್ಚಿನ ಪಾಲು ಯೂರಿಯಾ, ಸ್ವಲ್ಪ ಅಮೋನಿಯಂ, ಸ್ವಲ್ಪ ನೈಟ್ರೇಟ್. ಡ್ರಿಪ್‌ನಲ್ಲಿ ಟೊಮ್ಯಾಟೊಗೆ ಬಿಟ್ಟರೆ ಮಣ್ಣಿನ ಬ್ಯಾಕ್ಟೀರಿಯಾ ಎಲ್ಲವನ್ನೂ ತಿದ್ದಿಕೊಳ್ಳುತ್ತದೆ, ವ್ಯತ್ಯಾಸ ಕಾಣುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ತೊಟ್ಟಿಯಲ್ಲಿ ತಿದ್ದುವವರು ಯಾರೂ ಇಲ್ಲ.

ಚೀಟಿ ಹರಿದ ಪೊಟ್ಟಣದಲ್ಲಿ ಏನಿದೆ ಎಂದು ಮನೆಯಲ್ಲೇ ನೋಡಬಹುದು. ಒಂದು ಚಮಚ ಗೊಬ್ಬರಕ್ಕೆ ಸ್ವಲ್ಪ ನೀರು, ಸ್ವಲ್ಪ ತಿನ್ನುವ ಸುಣ್ಣ ಸೇರಿಸಿ ಕಲಸಿ, ದೂರದಿಂದ ಮೂಸಿ. ಕೂಡಲೇ ಘಾಟು ಬಂದರೆ ಅಮೋನಿಯಂ ಇದೆ. ಯೂರಿಯಾ ಮಾತ್ರವಿದ್ದರೆ ಘಾಟು ಬರುವುದಿಲ್ಲ. ಅದಕ್ಕೆ ಇನ್ನೊಂದು ಉಪಾಯ. ಗೊಬ್ಬರದ ನೀರಿಗೆ ಚಿಟಿಕೆ ಅಡುಗೆ ಸೋಡಾ, ಅರ್ಧ ಚಮಚ ಹಸಿ ಸೋಯಾ ಹಿಟ್ಟು ಹಾಕಿ ಒಂದು ಗಂಟೆ ಬಿಟ್ಟು ಆಮೇಲೆ ಸುಣ್ಣ ಸೇರಿಸಿ. ಹುರಿದ ಸೋಯಾ ಆಗುವುದಿಲ್ಲ, ಕಿಣ್ವ ಸತ್ತಿರುತ್ತದೆ. ಸೋಯಾ ಸಿಗದಿದ್ದರೆ ಕಲ್ಲಂಗಡಿ ಬೀಜ ಅರೆದು ಹಾಕಿ. ಈ ಬೀಜಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಮುರಿದು ಅಮೋನಿಯಾ ಬಿಡಿಸುತ್ತದೆ. ಪ್ರಪಂಚದಲ್ಲಿ ಮೊಟ್ಟಮೊದಲು ಹರಳಾಗಿ ಸಿಕ್ಕ ಕಿಣ್ವ ಇದೇ: 1926ರಲ್ಲಿ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಂಥ ಕಾಳಿನಿಂದ ತೆಗೆದರು. ಕಿಣ್ವ ಎಂದರೆ ಪ್ರೋಟೀನು ಎಂದು ಆಗಿನವರು ಒಪ್ಪಲು ತಯಾರಿರಲಿಲ್ಲ. 1946ರಲ್ಲಿ ಅವರಿಗೆ ನೊಬೆಲ್ ಬಂತು. ಅದರೊಳಗೆ ನಿಕ್ಕಲ್ ಇದೆಯೆಂದು ಗೊತ್ತಾದದ್ದು 1975ರಲ್ಲಿ.

13-0-45ಕ್ಕೆ ಎರಡೂ ಪರೀಕ್ಷೆಯಲ್ಲಿ ಘಾಟಿಲ್ಲ. ಅಕ್ಕನ ಪೊಟ್ಟಣದ್ದು ಮೊದಲನೆಯದರಲ್ಲೇ ಮೂಗಿಗೆ ಬಡಿಯಿತು, ಎರಡನೆಯದರಲ್ಲಿ ಕಣ್ಣಲ್ಲಿ ನೀರು.

ಪಾಚಿಯೊಳಗಿನ ಅಡುಗೆಮನೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತೊಟ್ಟಿಯ ರಿಪೇರಿಯೆಲ್ಲ ಇದರ ಮೇಲೆ ನಿಂತಿದೆ.

ನೈಟ್ರೇಟ್ ಪಾಚಿಗೆ ರಾಗಿ ಇದ್ದ ಹಾಗೆ. ಬೀಸಬೇಕು, ಆಮೇಲೆ ತೊಳಸಬೇಕು, ಆಗ ಮುದ್ದೆ. ಬೀಸುವ ಕಿಣ್ವ ನೈಟ್ರೇಟ್ ರಿಡಕ್ಟೇಸ್. ಅದು ನೈಟ್ರೇಟಿಗೆ ಎರಡು ಇಲೆಕ್ಟ್ರಾನ್ ಕೊಟ್ಟು ನೈಟ್ರೈಟ್ ಮಾಡುತ್ತದೆ. ತೊಳಸುವುದು ನೈಟ್ರೈಟ್ ರಿಡಕ್ಟೇಸ್. ಇನ್ನೂ ಆರು ಇಲೆಕ್ಟ್ರಾನ್ ಕೊಟ್ಟು ಅಮೋನಿಯಂ ಮಾಡುತ್ತದೆ. ಸ್ಪಿರುಲಿನಾದಲ್ಲಿ ಈ ಇಲೆಕ್ಟ್ರಾನ್‌ಗಳು ಬಿಸಿಲಿನಿಂದ ದುಡಿದ ಫೆರಿಡಾಕ್ಸಿನ್ ಎಂಬ ಪ್ರೋಟೀನಿನ ಮೂಲಕ ಬರುತ್ತವೆ, ಹಾಗಾಗಿ ನೈಟ್ರೇಟ್ ಅಡುಗೆ ದುಬಾರಿ. ಕೊನೆಯಲ್ಲಿ ಗ್ಲುಟಮಿನ್ ಸಿಂಥೆಟೇಸ್ ಎಂಬ ಕಿಣ್ವ ಅಮೋನಿಯಂ ಅನ್ನು ಹಿಡಿದು ಗ್ಲುಟಮಿನ್ ಮಾಡುತ್ತದೆ. ಅಲ್ಲಿಂದ ಮುಂದೆ ಎಲ್ಲ ಪ್ರೋಟೀನು.

ಅಮೋನಿಯಂ ಮುದ್ದೆಯಾಗಿಯೇ ತಟ್ಟೆಗೆ ಬಂದರೆ ಯಾರು ರಾಗಿ ಬೀಸುತ್ತಾರೆ? ಪಾಚಿಯೂ ಬೀಸುವುದಿಲ್ಲ. ನೀರಿಗೆ ಅಮೋನಿಯಂ ಬಿದ್ದ ಸ್ವಲ್ಪ ಹೊತ್ತಿಗೇ ನೈಟ್ರೇಟನ್ನು ಒಳಗೆ ಎಳೆದುಕೊಳ್ಳುವುದು ನಿಲ್ಲುತ್ತದೆ. ಹಾಗೇ ಬಿಟ್ಟರೆ ನೈಟ್ರೇಟ್ ರಿಡಕ್ಟೇಸ್ ತಯಾರಿಯೇ ನಿಂತುಹೋಗುತ್ತದೆ. ಸೈನೆಕೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯಲ್ಲಿ ಗ್ಲುಟಮಿನ್ ಸಿಂಥೆಟೇಸಿಗೂ ಲಗಾಮು ಬೀಳುತ್ತದೆ: ಎರಡು ಪುಟ್ಟ ಪ್ರೋಟೀನುಗಳು ಬಂದು ಅದಕ್ಕೆ ಅಂಟಿಕೊಂಡು ವೇಗ ತಗ್ಗಿಸುತ್ತವೆ.

ನನಗೆ ಅತಿ ಚೆಂದ ಕಾಣುವ ಭಾಗ ಮುಂದಿನದು. ಪಾಚಿ ಅಮೋನಿಯಂ ಬಂತೆಂದು ತಿಳಿಯುವುದು ಅಮೋನಿಯಂ ಅನ್ನು ನೋಡಿ ಅಲ್ಲ. ಗ್ಲುಟಮಿನ್ ಸಿಂಥೆಟೇಸನ್ನು ಒಂದು ರಾಸಾಯನಿಕದಿಂದ ಕಟ್ಟಿಹಾಕಿ ಆಮೇಲೆ ಅಮೋನಿಯಂ ಕೊಟ್ಟರೆ, ನೈಟ್ರೇಟ್ ಎಳೆಯುವುದು ನಿಲ್ಲುವುದೇ ಇಲ್ಲ. ಅಂದರೆ ಸುದ್ದಿ ಮುಟ್ಟುವುದು ಊಟ ಹೊಟ್ಟೆಗೆ ಇಳಿದ ಮೇಲೆ. ಪಾಚಿ ನಿಜವಾಗಿ ಎಣಿಸುವುದು 2-ಆಕ್ಸೋಗ್ಲುಟರೇಟ್ ಎಂಬ ಇಂಗಾಲದ ತುಣುಕನ್ನು. ಸಾರಜನಕ ಕಡಿಮೆಯಾದರೆ ಈ ತುಣುಕು ಖರ್ಚಾಗದೆ ರಾಶಿ ಬೀಳುತ್ತದೆ. ಎನ್‌ಟಿಸಿಎ ಮತ್ತು ಪಿ-ಟು ಎಂಬ ಪ್ರೋಟೀನುಗಳು ಆ ರಾಶಿಯನ್ನು ಕಂಡು "ನೈಟ್ರೇಟ್ ಒಲೆ ಹಚ್ಚಿ" ಎನ್ನುತ್ತವೆ. ರಾಶಿ ಕರಗಿದರೆ ಒಲೆ ಆರುತ್ತದೆ.

ಇಂಗಾಲವೇ ಇಲ್ಲದಿದ್ದರೆ? ರಾಶಿ ಬೀಳುವುದೇ ಇಲ್ಲ. ಸಾರಜನಕಕ್ಕೆ ಹಸಿದಿದ್ದರೂ ಪಾಚಿಗೆ ಹಸಿವು ತಿಳಿಯುವುದಿಲ್ಲ. ಇಂಗಾಲ ಕೊಡುವ ಅಡುಗೆ ಸೋಡಾ ಮುಗಿದು, ಮಧ್ಯಾಹ್ನದ ಪಿಎಚ್ 10.8, 11ರತ್ತ ಏರಿದ ತೊಟ್ಟಿಯಲ್ಲಿ ನೈಟ್ರೇಟ್ ಹಾಗೇ ನಿಂತಿರುವುದನ್ನು ನಾನು ನೋಡಿದ್ದೇನೆ. ಅಂಥಲ್ಲಿ ಬೇಕಾದದ್ದು ಗೊಬ್ಬರವಲ್ಲ, ಸೋಡಾ. ಜಾರೂಕ್ ದ್ರಾವಣದಲ್ಲಿ ಲೀಟರಿಗೆ 16.8 ಗ್ರಾಂ ಸೋಡಾ ಇರುವುದು ಸುಮ್ಮನೆ ಅಲ್ಲ.

ಹಾಗಾದರೆ ಮುದ್ದೆಯನ್ನೇ ಕೊಡಬಾರದೇಕೆ, ಸಸ್ತಾವೂ ಹೌದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ, ಸರ್ಕಾರದ ಸಬ್ಸಿಡಿ ಬೇರೆ. ಕೊಡಬಹುದು, ಕೊಡುವವರಿದ್ದಾರೆ. ಆದರೆ ಸ್ಪಿರುಲಿನಾ ಚೆನ್ನಾಗಿ ಬೆಳೆಯುವುದೇ ಪಿಎಚ್ 9ರ ಮೇಲೆ, ಅಪಾಯವೂ ಅಲ್ಲೇ. ಪಿಎಚ್ 8ರಲ್ಲಿ ಒಟ್ಟು ಅಮೋನಿಯಂನ ನೂರರಲ್ಲಿ ಸುಮಾರು 5 ಭಾಗ ಮಾತ್ರ ಅಮೋನಿಯಾ ಅನಿಲವಾಗಿ ಕರಗಿರುತ್ತದೆ. 9ರಲ್ಲಿ 36 ಭಾಗ, 10ರಲ್ಲಿ 85 ಭಾಗ. ಇದು 25 ಡಿಗ್ರಿಯ ಲೆಕ್ಕ. ನೀರು ಬಿಸಿಯಾದಷ್ಟೂ ಇನ್ನೂ ಹೆಚ್ಚು. ಅಮೋನಿಯಂಗೆ ಒಳಗೆ ಬರಲು ಬಾಗಿಲು ಬೇಕು, ಅಮೋನಿಯಾಗೆ ಬೇಕಿಲ್ಲ. ಪೊರೆಯನ್ನು ತೂರಿ ಒಳಗೆ ಹೋಗಿ, ಬೆಳಕಿನಿಂದ ನೀರನ್ನು ಒಡೆಯುವ ಯಂತ್ರವನ್ನೇ ಕೆಡಿಸುತ್ತದೆ. ಒಳಗೆ ಗ್ಲುಟಮಿನ್ ಸಿಂಥೆಟೇಸ್ ಎಷ್ಟು ಬೇಗ ಹಿಡಿದು ಹಾಕುತ್ತದೋ ಅಷ್ಟರ ಮೇಲೆ ಪಾಚಿಯ ಜೀವ.

ಅಕ್ಕನ ತೊಟ್ಟಿಯ ಲೆಕ್ಕ ಹಾಕಿದೆವು. ಒಣ ಸ್ಪಿರುಲಿನಾದಲ್ಲಿ ಹತ್ತರಲ್ಲಿ ಒಂದು ಪಾಲು ಸಾರಜನಕ. ದಿನಕ್ಕೆ 240 ಗ್ರಾಂ ತೆಗೆದರೆ ವಾಪಸ್ಸು ಕೊಡಬೇಕಾದ ಸಾರಜನಕ 24 ಗ್ರಾಂ. 13-0-45 ಆದರೆ 185 ಗ್ರಾಂ, ಯೂರಿಯಾ ಆದರೆ 52 ಗ್ರಾಂ. ಅವರು ಹಾಕುತ್ತಿದ್ದದ್ದು ಎರಡು ದಿನಕ್ಕೊಂದು ಕೆ.ಜಿ. ನೈಂಟೀನ್ ಆಲ್, ಅಂದರೆ ಎರಡು ದಿನಕ್ಕೆ 190 ಗ್ರಾಂ ಸಾರಜನಕ. ಬೇಕಿದ್ದದ್ದಕ್ಕೆ ನಾಲ್ಕು ಪಟ್ಟು. ಉಳಿದದ್ದೆಲ್ಲ ನೀರಲ್ಲಿ ಕೂತು, ಸತ್ತ ಪಾಚಿಯ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಯೂರಿಯೇಸಿಗೆ ಸಿಕ್ಕಿ ಅಮೋನಿಯಾ ಆಗಿತ್ತು. ಯೂರಿಯಾ ತನ್ನಷ್ಟಕ್ಕೆ ಮುರಿಯುವುದು ಬಲು ನಿಧಾನ. ನೊರೆ, ಗಂಟು, ಕೊಳೆ ಇರುವ ತೊಟ್ಟಿಯಲ್ಲಿ ಮಾತ್ರ ಅದು ಒಂದೇ ಮಧ್ಯಾಹ್ನದಲ್ಲಿ ಕೈ ಕೊಡುತ್ತದೆ.

ಇಳಿಸಿದ್ದು ಹೇಗೆ

ಗೊಬ್ಬರ ಪೂರ್ತಿ ಬಂದ್. ಪಾಲಿಹೌಸಿನ ಎರಡೂ ಕಡೆ ಪರದೆ ಎತ್ತಿ ಗಾಳಿ ಬಿಟ್ಟೆವು, ಪೊರಕೆಯಿಂದ ಗಂಟೆಗೊಮ್ಮೆ ಕಲಕಿದೆವು. ಈ ಪಿಎಚ್‌ನಲ್ಲಿ ಅಮೋನಿಯಾ ಗಾಳಿಗೆ ಹಾರಿಹೋಗುತ್ತದೆ ಎಂಬುದೊಂದೇ ಪುಣ್ಯ. ಮೇಲೆ ಹಸಿರು ನೆರಳುಬಲೆ. ಮೂರನೇ ಒಂದು ಪಾಲು ನೀರು ತೆಗೆದು ಹಿಪ್ಪುನೇರಳೆ ತೋಟದ ಬದುವಿಗೆ ಬಿಟ್ಟು, ಶುದ್ಧ ನೀರು ಮತ್ತು ಹೊಸ ಸೋಡಾ ಸೇರಿಸಿದೆವು. ಹೊಸ ಸೋಡಾ ಪಿಎಚ್ ಅನ್ನು 9.3ಕ್ಕೆ ಎಳೆಯಿತು. ಆಸಿಡ್ ಸುರಿಯುವವರೂ ಇದ್ದಾರೆ, ನಾನು ಬೇಡವೆನ್ನುತ್ತೇನೆ: ಸೋಡಾ ನೊರೆಯಾಗಿ ಹಾರಿಹೋಗುತ್ತದೆ, ಇಂಗಾಲ ನಷ್ಟ.

ಆ ವಾರ ತೆಗೆದ ಪಾಚಿಯನ್ನು ತಿನ್ನುವುದಕ್ಕೆ ಬಳಸಬೇಡಿ ಎಂದೆ. ಅಕ್ಕನಿಗೆ ಬೇಜಾರಾಯಿತು. ಆದರೂ ತಿಪ್ಪೆಗೆ ಹಾಕಿದರು. ಬೇವು ಲೇಪಿತ ಯೂರಿಯಾ ಹಾಕಿದ ತೊಟ್ಟಿಯ ವಿಷಯದಲ್ಲೂ ನನ್ನ ಮಾತು ಇದೇ. 2015ರಿಂದ ದೇಶದಲ್ಲಿ ಕೃಷಿಗೆ ಸಿಗುವ ಯೂರಿಯಾ ಹೆಚ್ಚುಕಮ್ಮಿ ಎಲ್ಲ ಬೇವು ಲೇಪಿತವೇ. ಅದು ಮಣ್ಣಿಗೆ ಮಾಡಿದ್ದು, ಬಾಯಿಗಲ್ಲ. ಕೆರೆ ನೀರಿನ ಕಥೆಯೂ ಅಷ್ಟೇ. ಕೆ.ಸಿ. ವ್ಯಾಲಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ, "ಅದರಲ್ಲಿ ಸಾರಜನಕ ಪುಕ್ಕಟೆ ಇದೆಯಲ್ಲ ಸಾರ್" ಎಂದು ಒಬ್ಬ ಹುಡುಗ ಕೇಳಿದ್ದ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧಿ ಮಾಡಿ ಅಂತರ್ಜಲಕ್ಕೆ ಇಂಗಲೆಂದು ಬಿಟ್ಟ ನೀರು ಅದು. ತಿನ್ನುವ ಪಾಚಿಗೆ ಅದನ್ನು ಹಾಕುವ ಮಾತೇ ಬೇಡ.

ಐದನೇ ದಿನಕ್ಕೆ ವಾಸನೆ ಹೋಯಿತು, ಅಮೋನಿಯಾ ಕಿಟ್ ತಿಳಿಹಳದಿಗೆ ಬಂತು. ಬಣ್ಣ ಮಾತ್ರ ತಿರುಗಲಿಲ್ಲ. "ತಾಳಿ, ನೈಟ್ರೇಟ್ ಕಿಣ್ವ ಹೊಸದಾಗಿ ತಯಾರಾಗಬೇಕು, ಒಂದೆರಡು ದಿನ ಹಿಡಿಯುತ್ತೆ" ಎಂದೆ. ಆ ಮಾತು ಸರಿಯೇ. ಮೂರನೇ ದಿನವೂ ತಿರುಗದಿದ್ದಾಗ ನಾನು ಮಾಡಿದ್ದು ತಪ್ಪು: ತೆಗೆದ ನೀರಿನ ಜೊತೆ ನೈಟ್ರೇಟ್ ಹೋಯಿತೇನೋ ಎಂದು ಅರ್ಧ ಕೆ.ಜಿ. 13-0-45 ಹಾಕಿಸಿದೆ. ಅಳೆಯದೆ ಹಾಕಬೇಡಿ ಎಂದು ಊರಿಗೆಲ್ಲ ಹೇಳುವವನೇ ಅಳೆಯದೆ ಹಾಕಿಸಿದೆ. ಇನ್ನೂ ನಾಲ್ಕು ದಿನ ಕಳೆಯಿತು. ನೈಟ್ರೇಟ್ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ನೈಟ್ರೈಟ್ ಸೊನ್ನೆ, ಅಮೋನಿಯಾ ಸೊನ್ನೆ, ಸೋಡಾ ಸಾಕಷ್ಟಿದೆ, ಬಿಸಿಲಿದೆ.

ಕೇಳಬೇಕಿದ್ದ ಪ್ರಶ್ನೆ

ಈ ನಾಲ್ಕು ಅಳತೆಗಳ ಜೋಡಣೆಯೇ ಬೆರಳು ತೋರಿಸುತ್ತಿತ್ತು. ನೈಟ್ರೇಟ್ ಜೊತೆ ನೈಟ್ರೈಟೂ ಸೇರಿಕೊಂಡಿದ್ದರೆ ಬೀಸುವುದು ನಡೆದಿದೆ, ತೊಳಸುವುದು ನಿಂತಿದೆ ಎಂದರ್ಥ. ಆಗ ಬೆಳಕು ಕಡಿಮೆಯೇ, ಕಬ್ಬಿಣ ಕಡಿಮೆಯೇ ನೋಡಬೇಕು, ಏಕೆಂದರೆ ಫೆರಿಡಾಕ್ಸಿನ್, ನೈಟ್ರೈಟ್ ರಿಡಕ್ಟೇಸ್ ಎರಡಕ್ಕೂ ಕಬ್ಬಿಣ ಬೇಕು. ನೈಟ್ರೈಟ್ ಸೊನ್ನೆಯಾದರೆ ಬೀಸುಕಲ್ಲೇ ತಿರುಗುತ್ತಿಲ್ಲ. ತಿರುಗದಂತೆ ತಡೆಯುವ ಅಮೋನಿಯಂ ಹೋಗಿದೆ. ಮತ್ತೆ ಯಾಕೆ?

ಆಗ ಅಕ್ಕನನ್ನು ಕೇಳಿದೆ: "ಅಕ್ಕ, ಹದಿಮೂರು-ಸೊನ್ನೆ-ನಲ್ವತ್ತೈದು ಬಿಟ್ಟು ನೈಂಟೀನ್ ಆಲ್‌ಗೆ ಹೋಗಿದ್ದು ಯಾಕೆ? ಸ್ಟಾಕ್ ಇರಲಿಲ್ವಾ?"

"ಇತ್ತು ಮೇಷ್ಟ್ರೇ. ಯುಗಾದಿ ಆದ್ಮೇಲೆ ಪಾಚಿ ಬೆಳೀತಾನೇ ಇರ್ಲಿಲ್ಲ, ಬಣ್ಣ ಇಳೀತಾ ಇತ್ತು. ಅದಕ್ಕೇ ಬದಲಾಯಿಸಿದ್ದು."

ಅಂದರೆ ಕಾಯಿಲೆ ಮೊದಲೇ ಇತ್ತು. ನೈಂಟೀನ್ ಆಲ್ ಹಾಕಿದ ಮೇಲೆ ಹತ್ತು ದಿನ ಕಡುಹಸಿರಾಯಿತಲ್ಲ, ಅದೇ ಸುಳಿವು. ಯೂರಿಯಾ, ಅಮೋನಿಯಂಗೆ ನೈಟ್ರೇಟ್ ರಿಡಕ್ಟೇಸ್ ಬೇಕಿಲ್ಲ. ಕೆಟ್ಟ ಬೀಸುಕಲ್ಲನ್ನು ಮುಟ್ಟದೆಯೇ ಪಕ್ಕದ ದಾರಿಯಲ್ಲಿ ಊಟ ಸೇರಿತು. ನಾನು ಎರಡನೇ ದೋಷವನ್ನು ಸರಿಮಾಡಿ ಮೊದಲನೆಯದರ ಮುಂದೆ ನಿಂತಿದ್ದೆ.

ನೈಟ್ರೇಟ್ ರಿಡಕ್ಟೇಸಿನ ಹೃದಯದಲ್ಲಿ ಮಾಲಿಬ್ಡಿನಂ ಎಂಬ ಲೋಹ ಇದೆ. ಬೋರ್‌ವೆಲ್ ನೀರಾಗಿದ್ದರೆ ಅಲ್ಪಸ್ವಲ್ಪ ಬರಬಹುದಿತ್ತು. ಶುದ್ಧ ನೀರಿನ ಘಟಕದ ಪೊರೆ ಫ್ಲೋರೈಡ್ ಜೊತೆಗೆ ಇಂಥವನ್ನೂ ಸೋಸಿಬಿಡುತ್ತದೆ. ತೊಟ್ಟಿ ಶುರುಮಾಡುವಾಗ ಕೊಟ್ಟಿದ್ದ ಸೂಕ್ಷ್ಮ ಪೋಷಕಾಂಶದ ಬಾಟಲಿ ಫೆಬ್ರವರಿಯಲ್ಲೇ ಮುಗಿದಿತ್ತು. "ಒಂದ್ ಮುಚ್ಚಳ ಹಾಕೋದಲ್ವಾ, ಅದ್ರಿಂದೇನಾಗುತ್ತೆ ಅಂತ ಬಿಟ್ಟೆ" ಎಂದರು.

ಊಹೆ ಚೆನ್ನಾಗಿತ್ತು, ಆದರೆ ಈ ಸಲ ತೊಟ್ಟಿಗೆ ಕೈ ಹಾಕಲಿಲ್ಲ. ಒಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳಲ್ಲಿ ತೊಟ್ಟಿಯ ಪಾಚಿಯನ್ನೇ ತುಂಬಿ, ಮುಚ್ಚಳ ಸಡಿಲ ಬಿಟ್ಟು ನೆರಳುಬಲೆಯ ಕೆಳಗೆ ಸಾಲಾಗಿ ಇಟ್ಟೆವು. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಯೂರಿಯಾ, ಹತ್ತು ಮಿಲಿಗ್ರಾಂನಷ್ಟು ಮಾತ್ರ. ಅಷ್ಟನ್ನು ತಕ್ಕಡಿಯಲ್ಲಿ ತೂಗಲಾಗದು. ಒಂದು ಗ್ರಾಂ ಯೂರಿಯಾವನ್ನು ಲೀಟರ್ ನೀರಲ್ಲಿ ಕರಗಿಸಿ ಅದರ ಹತ್ತು ಎಂ.ಎಲ್. ಸಿರಿಂಜಲ್ಲಿ ಹಾಕಿದರೆ ಆಯಿತು. ಮೂರನೆಯದಕ್ಕೆ ಕಬ್ಬಿಣ. ನಾಲ್ಕನೆಯದಕ್ಕೆ ಮಾಲಿಬ್ಡಿನಂ ಇರುವ ಲವಣ, ಸೋಡಿಯಂ ಮಾಲಿಬ್ಡೇಟ್.

ಈ ಕೊನೆಯದನ್ನು ಲ್ಯಾಬ್ ಅಂಗಡಿಗೆ ಹುಡುಕಿಕೊಂಡು ಹೋಗಬೇಕಿಲ್ಲ. ಹೂಕೋಸಿನ ಎಲೆ ಚಾಟಿಯ ಹಾಗೆ ಬರೀ ದಂಟಾಗುವ ರೋಗ ನಮ್ಮ ಕಡೆ ಬೆಳೆಗಾರರಿಗೆ ಗೊತ್ತು. ಅದರ ಮೂಲವೂ ಮಾಲಿಬ್ಡಿನಂ ಕೊರತೆಯೇ, ಔಷಧಿಯೂ ಇದೇ. ಕೇಳುವಾಗ ಸೋಡಿಯಂ ಮಾಲಿಬ್ಡೇಟೇ ಬೇಕೆಂದು ಹೇಳಿ. ಅಮೋನಿಯಂ ಮಾಲಿಬ್ಡೇಟ್ ಕೊಟ್ಟರೆ ಇಷ್ಟು ಸಣ್ಣ ಪ್ರಮಾಣದಲ್ಲಿ ತೊಟ್ಟಿಗೆ ತೊಂದರೆಯಿಲ್ಲ, ಆದರೆ ಬಾಟಲಿ ಪರೀಕ್ಷೆಯಲ್ಲಿ ಯಾವುದರಿಂದ ಹಸಿರಾಯಿತು ಎಂಬ ಅನುಮಾನಕ್ಕೆ ಎಡೆ.

ಎರಡು ದಿನಕ್ಕೆ ಯೂರಿಯಾ ಬಾಟಲಿ ಹಸಿರಾಯಿತು. ಮೂರನೇ ದಿನ ಮಾಲಿಬ್ಡೇಟ್ ಬಾಟಲಿ ಅದನ್ನು ಹಿಡಿಯಿತು. ಖಾಲಿ ಬಾಟಲಿ, ಕಬ್ಬಿಣದ ಬಾಟಲಿ ಎರಡೂ ಹಾಗೇ ಹಳದಿ. ಯೂರಿಯಾ ಬಾಟಲಿ ಒಂದೇ ಹಸಿರಾಗಿದ್ದರೆ ನೈಟ್ರೇಟ್ ದಾರಿಯಲ್ಲಿ ಎಲ್ಲೋ ಅಡ್ಡಿ ಎಂದಷ್ಟೇ ಗೊತ್ತಾಗುತ್ತಿತ್ತು. ಮಾಲಿಬ್ಡೇಟ್ ಬಾಟಲಿ ಅಡ್ಡಿ ಎಲ್ಲಿದೆ ಎಂದು ತೋರಿಸಿತು. ನಾಲ್ಕೂ ಹಸಿರಾಗಿದ್ದರೆ ತೊಟ್ಟಿಯಲ್ಲಿ ಬಿಸಿಲೋ ಆಳವೋ ತಪ್ಪಾಗಿತ್ತು ಎಂದರ್ಥ. ಯಾವುದೂ ಆಗದಿದ್ದರೆ ಪಾಚಿ ಸತ್ತಿದೆ, ಹೊಸ ಬೀಜಪಾಚಿ ತರಬೇಕು.

ತೊಟ್ಟಿಗೆ ಎಷ್ಟು? ನೀಲಿ-ಹಸಿರು ಪಾಚಿಗಳಿಗೆ ಪ್ರಯೋಗಾಲಯದಲ್ಲಿ ಬಳಸುವ ಬಿಜಿ-11 ದ್ರಾವಣದಲ್ಲಿ ಲೀಟರಿಗೆ 0.39 ಮಿಲಿಗ್ರಾಂ ಸೋಡಿಯಂ ಮಾಲಿಬ್ಡೇಟ್ ಇರುತ್ತದೆ. 6,000 ಲೀಟರಿಗೆ ಎರಡೂಕಾಲು ಗ್ರಾಂ ಚಿಲ್ಲರೆ. ಅಷ್ಟನ್ನೂ ಒಂದೇ ಬಾರಿಗೆ ಹಾಕದೆ ಅರ್ಧ ಹಾಕಿ, ನಾಲ್ಕು ದಿನ ಬಿಟ್ಟು ಉಳಿದರ್ಧ ಹಾಕಿದೆವು. ಮೊದಲರ್ಧ ಬಿದ್ದ ಮರುದಿನ ಮಧ್ಯಾಹ್ನ ನೈಟ್ರೈಟ್ ಕಿಟ್‌ನಲ್ಲಿ ತೆಳುಗುಲಾಬಿ ಕಂಡಿತು. ಅಷ್ಟು ದಿನದಲ್ಲಿ ಮೊದಲ ಸಲ ಬೀಸುಕಲ್ಲು ತಿರುಗಿದ ಗುರುತು ಅದು, ಸಂಜೆಗೆ ಮಾಯವಾಯಿತು. ವಾರದಲ್ಲಿ ನೈಟ್ರೇಟ್ ಇಳಿಯತೊಡಗಿತು, ಲೋಟದ ನೀರು ಮತ್ತೆ ನೀಲಿಯಾಯಿತು.

ಕಾಲೇಜಿನ ಕ್ಲೋರೆಲ್ಲಾಗೆ ಲೆಕ್ಕ ಬೇರೆ

ತುಮಕೂರು, ಕೋಲಾರದ ಕಾಲೇಜು ಮಕ್ಕಳು ಪ್ರಾಜೆಕ್ಟಿಗೆ ಕ್ಲೋರೆಲ್ಲಾ ಎಂಬ ಹಸಿರು ಪಾಚಿ ಹಿಡಿದುಕೊಂಡು ಬರುತ್ತಾರೆ. ಅವರ ಮೂರು ಗೋಳುಗಳು ವರ್ಷವರ್ಷವೂ ಅವೇ.

ಅಮೋನಿಯಂ ಕ್ಲೋರೈಡ್ ಕೊಟ್ಟ ಫ್ಲಾಸ್ಕ್ ಮೊದಲೆರಡು ದಿನ ಮುಂದೆ ಓಡಿ ಆಮೇಲೆ ಬಿಳಿಚುತ್ತದೆ. ಇಲ್ಲಿ ಕೊಲ್ಲುವುದು ಅಮೋನಿಯಾ ಅಲ್ಲ, ಆಮ್ಲ. ಅಮೋನಿಯಂ ಒಳಗೆ ಹೋದಷ್ಟೂ ಪಾಚಿ ಪ್ರೋಟಾನನ್ನು, ಅಂದರೆ ನೀರನ್ನು ಆಮ್ಲವಾಗಿಸುವ ಕಣವನ್ನು, ಹೊರಗೆ ಬಿಡುತ್ತದೆ. ಸೋಡಾ ಇಲ್ಲದ ದ್ರಾವಣದಲ್ಲಿ ಪಿಎಚ್ 4ರ ಕೆಳಗೂ ಕುಸಿಯಬಹುದು. ನೈಟ್ರೇಟ್ ಫ್ಲಾಸ್ಕಿನಲ್ಲಿ ಪಿಎಚ್ ಏರುತ್ತದೆ. ಆದ್ದರಿಂದ ಪಿಎಚ್ ಅಲುಗದಂತೆ ಹಿಡಿಯುವ ಬಫರ್ ಹಾಕದೆ "ಅಮೋನಿಯಂ ಕಿಣ್ವವನ್ನು ತಡೆಯಿತು" ಎಂದು ಬರೆದರೆ, ತಡೆದದ್ದು ಅಮೋನಿಯಂ ಆಗಿರಲಿಕ್ಕಿಲ್ಲ.

ಎರಡನೆಯದು, ಯೂರಿಯಾದಲ್ಲಿ ಕ್ಲೋರೆಲ್ಲಾ ಚೆನ್ನಾಗಿ ಬೆಳೆದಿದೆ, ಯೂರಿಯೇಸ್ ಪರೀಕ್ಷೆ ಮಾತ್ರ ಸೊನ್ನೆ. ಮಕ್ಕಳು ಕೆಮಿಕಲ್ ಹಳೆಯದೆಂದು ಬೈಯುತ್ತಾರೆ. ಕೆಮಿಕಲ್ ಸರಿಯಿದೆ, ಕ್ಲೋರೆಲ್ಲಾದಲ್ಲಿ ಯೂರಿಯೇಸೇ ಇಲ್ಲ. ಅದು ಯೂರಿಯಾ ಅಮಿಡೋಲೈಯೇಸ್ ಎಂಬ ಬೇರೆ ಕಿಣ್ವದಿಂದ ಎರಡು ಹಂತದಲ್ಲಿ ಮುರಿಯುತ್ತದೆ. ಅದಕ್ಕೆ ನಿಕ್ಕಲ್ ಬೇಡ; ಬಯೋಟಿನ್ ಎಂಬ ವಿಟಮಿನ್, ಬೈಕಾರ್ಬನೇಟ್, ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಬೇಕು. ಪರೀಕ್ಷಾ ಮಿಶ್ರಣದಲ್ಲಿ ಎಟಿಪಿ, ಬೈಕಾರ್ಬನೇಟ್ ಇಲ್ಲದಿದ್ದರೆ ಸೊನ್ನೆ ಬರದೆ ಇನ್ನೇನು ಬರುತ್ತದೆ?

ಮೂರನೆಯದು ನೈಟ್ರೇಟ್ ರಿಡಕ್ಟೇಸ್ ಅಳತೆ ಒಂದು ದಿನದಂತೆ ಇನ್ನೊಂದು ದಿನ ಬರುವುದಿಲ್ಲ ಎಂಬುದು. ಮೊದಲು ಗಡಿಯಾರ ನೋಡಿ. ಈ ಕಿಣ್ವ ಬೆಳಕಿನಲ್ಲಿ ಏರುತ್ತದೆ, ಕತ್ತಲಲ್ಲಿ ಇಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ತೆಗೆದ ಮಾದರಿಯನ್ನು, ಬಸ್ಸಲ್ಲಿ ಚೀಲದ ಕತ್ತಲಲ್ಲಿ ಎರಡು ಗಂಟೆ ಕೂತು ಬಂದ ಮಾದರಿಯ ಜೊತೆ ಹೋಲಿಸಬೇಡಿ. ಆಮೇಲೆ, ಈ ಪರೀಕ್ಷೆಯಲ್ಲಿ ಬರುವ ಗುಲಾಬಿ ಬಣ್ಣ ಅಳೆಯುವುದು ನೈಟ್ರೈಟನ್ನು. ಮಾದರಿಯಲ್ಲೇ ನೈಟ್ರೈಟ್ ಇದ್ದರೆ ಅದೂ ಸೇರುತ್ತದೆ. ಸೊನ್ನೆ ನಿಮಿಷದ ಒಂದು ಟ್ಯೂಬ್ ಇಟ್ಟು ಕಳೆಯಬೇಕು.

ಇಷ್ಟು ಮಾಡಿದ ಮೇಲೂ ಕಡಿಮೆ ಬಂದರೆ ಒಂದು ಪ್ರಶ್ನೆ ಉಳಿಯುತ್ತದೆ: ಕಿಣ್ವ ತಯಾರೇ ಆಗಿಲ್ಲವೋ, ಆಗಿದ್ದೂ ಬೀಗ ಬಿದ್ದಿದೆಯೋ? ಕ್ಲೋರೆಲ್ಲಾದ ನೈಟ್ರೇಟ್ ರಿಡಕ್ಟೇಸ್ ಸಯನೈಡ್ ಕಚ್ಚಿಕೊಂಡು ಜಡವಾಗಿ ಕೂರಬಲ್ಲದು, ಮತ್ತೆ ಬಿಡಿಸಿಕೊಳ್ಳಲೂಬಲ್ಲದು. ಅರೆದು ತೆಗೆದ ರಸವನ್ನು ಎರಡು ಪಾಲು ಮಾಡಿ, ಒಂದಕ್ಕೆ ಸ್ವಲ್ಪ ಪೊಟ್ಯಾಷಿಯಂ ಫೆರಿಸಯನೈಡ್ ಸೇರಿಸಿ ಕೆಲವು ನಿಮಿಷ ಬಿಟ್ಟು ಎರಡನ್ನೂ ಅಳೆಯಿರಿ. ಆ ಪಾಲಿನಲ್ಲಿ ಗುಲಾಬಿ ಗಾಢವಾದರೆ ಕಿಣ್ವ ಅಲ್ಲೇ ಇತ್ತು, ಬೀಗ ಹಾಕಿತ್ತು. ಎರಡೂ ಬಣ್ಣಗೆಟ್ಟೇ ಇದ್ದರೆ ಕಿಣ್ವ ತಯಾರಾಗಿಲ್ಲ, ಅಥವಾ ತಯಾರಾದರೂ ಮಾಲಿಬ್ಡಿನಂ ಸಿಕ್ಕಿಲ್ಲ; ಆಗ ದ್ರಾವಣದಲ್ಲಿ ಅಮೋನಿಯಂ ಎಲ್ಲಿಂದ ಬಂತು ಎಂದು ಮೊದಲು ಹುಡುಕಿ, ಆಮೇಲೆ ಸೂಕ್ಷ್ಮ ಪೋಷಕಾಂಶದ ಬಾಟಲಿಯ ತಾರೀಕು ನೋಡಿ.